ಕೊಟ್ಟಿಗೆ ಸೇರದ ಕಾರು

ಚಾಮರಾಜನಗರ
೨೩-೨-೧೯೯೭, ಭಾನುವಾರ

ಸೋಮಮ್ಮನಿಗೆ,

ಚಿಕ್ಕಮಲ್ಲಪ್ಪ ಮಾಡುವ ಆಶೀರ್ವಾದಗಳು ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಎಂಟು ತಿಂಗಳಿಂದ ಗುಂಡ್ಲುಪೇಟೆಯಲ್ಲಿ ತಮ್ಮನ ಮನೆ ಸೇರಿಕೊಂಡಿರುವ ಹೆಂಡತಿಗೆ ಆಶೀರ್ವಾದ ಮಾಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಬರೀ ಸೋಮಮ್ಮನಿಗೆ ಎಂದೇ ಓದಿಕೋ. ಇಲ್ಲಿ ಮಗಳು ಭಾನು ಆರೋಗ್ಯವಾಗಿದ್ದಾಳೆ. ನಾನು ಮುದ್ದೆ ತೊಳಸುವುದು ಕಲಿತಿದ್ದೇನೆ, ಗಂಟು ಮಾತ್ರ ಒಡೆಯುತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ಭಾನು ಹೊಸ ಕಾರು ತೆಗೆದಳು. ಇಲ್ಲಿಂದ ಗುಂಡ್ಲುಪೇಟೆ ದನದ ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವ ಅವಳ ಪಾಡು ನಿನಗೂ ಗೊತ್ತು. ಮಧ್ಯಾಹ್ನದ ಊಟಕ್ಕೆ ನಿನ್ನ ಹತ್ತಿರವೇ ಬರುತ್ತಾಳಲ್ಲ. ಕಾರಿನ ಸಂಗತಿ ಮಾತ್ರ ಅಮ್ಮನಿಗೆ ಹೇಳಬೇಡ, ನಾನೇ ಬರೆಯುತ್ತೇನೆ ಎಂದು ತಡೆದಿದ್ದೆ. ಯಾಕೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ನಲವತ್ತು ವರ್ಷ ದನದ ದಲ್ಲಾಳಿ ಕೆಲಸ ಮಾಡಿದವನು, ನೀನೇ ಬಂದು ಆರಿಸಿಕೊಡು ಎಂದು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದಳು. ನನ್ನ ಮನಸ್ಸಿನಲ್ಲಿ ಇದ್ದದ್ದು ಅಂಬಾಸಿಡರ್. ಎತ್ತರವಾಗಿ, ಗಟ್ಟಿಯಾಗಿ, ಕೂತವರು ನಾಲ್ಕು ಜನಕ್ಕೆ ಕಾಣಬೇಕು. ದಿನಾ ಒಬ್ಬಳೇ ಓಡಾಡೋಕೆ ಆನೆ ಕಟ್ಕಂಡು ಏನ್ ಮಾಡನ, ಬುಡಪ್ಪ ಅಂದಳು. ಮಾರುತಿ ಎಂಟುನೂರು ನೋಡಿದೆವು. ಸಾಧು ಗಾಡಿ, ನನಗೂ ಹಿಡಿಸಿತು. ಆದರೆ ಅವಳ ಕಣ್ಣು ಪಕ್ಕದಲ್ಲಿದ್ದ ಜೆನ್ ಅನ್ನುವ ಕಾರಿನ ಮೇಲೆ. ದುಂಡನೆಯ ಬೆನ್ನು, ಕೆಂಪು ಬಣ್ಣ, ನೀರು ಕುಡಿಯಲು ಬಗ್ಗಿದ ಹೋರಿಕರುವಿನಂತೆ ಮೂತಿ ತಗ್ಗಿಸಿ ನಿಂತಿತ್ತು.

ಮೂರು ಸುತ್ತು ಸುತ್ತಿದೆ. ಎತ್ತಾದರೆ ಹಲ್ಲು ಎಣಿಸುತ್ತೇನೆ, ಸುಳಿ ನೋಡುತ್ತೇನೆ, ಬಾಲ ಎತ್ತುತ್ತೇನೆ. ಇದರಲ್ಲಿ ಏನು ನೋಡಲಿ? ಕೊನೆಗೆ, ಸ್ಟಾರ್ಟ್ ಮಾಡಪ್ಪ, ಸದ್ದಾದರೂ ಕೇಳೋಣ ಎಂದೆ. ಅಂಗಡಿಯ ಹುಡುಗ ನಕ್ಕು, ಆಗಲೇ ಸ್ಟಾರ್ಟ್ ಆಗಿದೆ ಸಾರ್ ಅಂದ. ನಾನು ನಂಬಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿದೆ. ಸೋಮಮ್ಮ, ನಿಜವಾಗಿ ಹೇಳುತ್ತೇನೆ, ಒಳಗೆ ಜೀವ ಮಿಡಿಯುತ್ತಿತ್ತು. ಗಬ್ಬದ ಹಸುವಿನ ಹೊಟ್ಟೆ ಮುಟ್ಟಿದಾಗ ಅಂಗೈಗೆ ತಿಳಿಯುತ್ತದಲ್ಲ, ಅಷ್ಟೇ ಮೆಲ್ಲಗೆ. ಕೈ ತೆಗೆಯಲು ಮನಸ್ಸೇ ಬರಲಿಲ್ಲ.

ಅಷ್ಟರಲ್ಲಿ ಭಾನು ಸ್ಟೇರಿಂಗ್ ಹಿಂದೆ ಹೋಗಿ ಕೂತಳು. ಅವಳು ಡ್ರೈವಿಂಗ್ ಕಲಿತದ್ದು, ಲೈಸೆನ್ಸ್ ಮಾಡಿಸಿದ್ದು ನನಗೆ ಗೊತ್ತಾದದ್ದೇ ಆಗ. ನಿನಗೆ ಆರು ತಿಂಗಳ ಹಿಂದೆಯೇ ಗೊತ್ತಿತ್ತಂತೆ. ಇರಲಿ, ಗುಟ್ಟು ಮಾಡುವುದರಲ್ಲಿ ನನ್ನದೇ ದೊಡ್ಡ ಪಾಲು, ನಾನು ಯಾವ ಬಾಯಲ್ಲಿ ಬಯ್ಯಲಿ.

ನಂಜನಗೂಡಿನ ರಸ್ತೆಗೆ ಬಿಟ್ಟಳು ನೋಡು. ಮುಂದೆ ಹುಲ್ಲಿನ ಲಾರಿ, ಎದುರಿಗೆ ಖಾಲಿ ದಾರಿ. ಗೇರ್ ಒಂದು ಇಳಿಸಿದಳು, ಕಾಲು ಒತ್ತಿದಳು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮಾದಪ್ಪಾ ಎಂದು ಬಾಯಿ ತೆರೆದು ಮುಚ್ಚುವುದರೊಳಗೆ ಲಾರಿ ಹಿಂದೆ, ನಾವು ಮುಂದೆ. ತಿರುವಿನಲ್ಲಿ ಒಂದಿಷ್ಟೂ ಓಲಾಡಲಿಲ್ಲ. ನಾನು ಹೊರಗಿನ ಹುಣಸೆ ಮರ ನೋಡುವುದನ್ನು ಬಿಟ್ಟು ಮಗಳ ಕೈ ನೋಡುತ್ತಾ ಕೂತೆ. ತೆರಕಣಾಂಬಿ ಸಂತೆಯಲ್ಲಿ ಎತ್ತು ಬೆದರಿದರೆ ನನ್ನ ಪಂಚೆಯೊಳಗೆ ಅವಿತುಕೊಳ್ಳುತ್ತಿದ್ದ ಮಗು ಇದೇನಾ? ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಅವಳನ್ನು ನಾನು ನೋಡೇ ಇರಲಿಲ್ಲ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದು ಸುಳ್ಳು ಹೇಳಿದೆ. ಕಿಟಕಿ ಮುಚ್ಚಿತ್ತು.

ಅಂಗಡಿಗೆ ವಾಪಸು ಬಂದ ಮೇಲೆ ನನ್ನಿಂದ ಒಂದು ಅಪದ್ಧ ನಡೆಯಿತು. ರೇಟಿನ ಮಾತು ಬಂದಾಗ, ದನದ ಸಂತೆಯಲ್ಲಿ ಗುಟ್ಟಾಗಿ ಬೆಲೆ ಕುದುರಿಸಿದ ನಲವತ್ತು ವರ್ಷದ ಅಭ್ಯಾಸ, ಹೆಗಲ ಟವಲ್ಲು ತೆಗೆದು ಆ ಹುಡುಗನ ಕೈ ಮೇಲೆ ಹಾಕಿ, ಒಳಗೆ ಅವನ ಬೆರಳು ಹಿಡಿದುಬಿಟ್ಟೆ. ಎರಡು ಬೆರಳು ಮಡಚಿ, ಇಷ್ಟಕ್ಕೆ ಕೊಡುತ್ತೀಯಾ ಎಂದು ಅದುಮಿದೆ. ಹುಡುಗ ಹಾವು ಮುಟ್ಟಿದವನ ಹಾಗೆ ಹೌಹಾರಿದ. ಅಲ್ಲಿದ್ದ ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು. ಭಾನು ಮಾತ್ರ ನಗಲಿಲ್ಲ. ಟವಲ್ಲು ತೆಗೆದು ಮಡಚಿ ನನ್ನ ಹೆಗಲಿಗೆ ಹಾಕಿದಳು. ಇಲ್ಲಿ ಎಲ್ಲಾರ್ ಮುಂದೆ ಬಾಯ್ಬುಟ್ಟು ಕೇಳ್ಬೇಕು ಕಣಪ್ಪ, ಮುಚ್ಕಂಡು ಮಾಡಂಗಿಲ್ಲ ಅಂದಳು. ಆಮೇಲೆ ಆ ಹುಡುಗ ಸುಧಾರಿಸಿಕೊಂಡು, ಮನೆಯವರನ್ನೂ ಒಂದ್ಸಲ ಕರೆದುಕೊಂಡು ಬನ್ನಿ ಸಾರ್, ದಿನಾ ಕೂರುವವರೆಲ್ಲ ಒಪ್ಪಬೇಕಲ್ಲ ಅಂದ.

ಅವನು ವ್ಯಾಪಾರಕ್ಕೆ ಅಂದ ಮಾತು. ನನಗೆ ಚುಚ್ಚಿತು.

ಮುದ್ದ, ಸಿದ್ದ ಇಬ್ಬರನ್ನೂ ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದೆ, ತಾಯಿ ಸತ್ತ ಕರುಗಳು. ಅವು ಎತ್ತಾಗಿ ನಿಂತ ದಿನ, ನಾನು ನಮ್ಮ ಜಗಲಿಯ ಮೇಲೆಯೇ ಟವಲ್ಲಿನ ಕೆಳಗೆ ಬೆರಳು ಕೊಟ್ಟು ಮಾರಿದೆ. ನೀನು ಒಳಗೆ ಆ ಗಿರಾಕಿಗೇ ಕಾಫಿ ಕಾಯಿಸುತ್ತಿದ್ದೆ. ಲೋಟ ತಂದು ಅವನ ಕೈಗೆ ಕೊಡುವ ಹೊತ್ತಿಗೆ ಹಗ್ಗವೂ ಅವನ ಕೈಯಲ್ಲಿತ್ತು. ಕೊಟ್ಟ ಬೆರಳು ಹಿಂದಕ್ಕೆ ತೆಗೆಯೋಕಾಗಲ್ಲ ಎಂದು ಆ ದಿನ ಜಂಬ ಕೊಚ್ಚಿದೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದು ಆಗ ಹೊಳೆಯಲೇ ಇಲ್ಲ ಎಂದರೆ ನಂಬು. ಹೊಳೆಯದೇ ಇದ್ದದ್ದೇ ನನ್ನ ತಪ್ಪು. ತಪ್ಪಾಯಿತು ಸೋಮಮ್ಮ. ಇದನ್ನು ಬರೆಯಲು ಎಂಟು ತಿಂಗಳು ಬೇಕಾಯಿತು.

ಇನ್ನೊಂದು ಗುಟ್ಟು. ಅವನ್ನು ವಾಪಸು ಕೊಡು ಎಂದು ಆ ಗಿರಾಕಿಯ ಬಾಗಿಲಿಗೆ ಮೂರು ಸಲ ಹೋಗಿ ಬಂದೆ. ಅವನು ಕೊಡಲಿಲ್ಲ, ಕೊಡಲೂಬೇಕಿಲ್ಲ. ಚೆನ್ನಾಗಿ ಸಾಕಿದ್ದಾನೆ. ಮುದ್ದ ನನ್ನ ಗುರುತು ಹಿಡಿದ, ಸಿದ್ದ ಮುಖ ತಿರುಗಿಸಿದ. ಅವನು ನಿನ್ನ ಕಡೆಯವನು.

ಜೆನ್ನನ್ನೇ ಒಪ್ಪಿದೆ. ಒಪ್ಪುವ ಮೊದಲು ಮುಂದಿನ ಸೀಟಿನಲ್ಲಿ ನಾಲ್ಕು ಸಲ ಕೂತು ಎದ್ದೆ. ತಗ್ಗಿನ ಗಾಡಿ, ಮೊಣಕಾಲು ನೋವಿನವರು ಮೊದಲು ಕೂತು ಆಮೇಲೆ ಕಾಲು ಒಳಗೆಳೆದುಕೊಂಡರೆ ಸಲೀಸು. ಮೊಣಕಾಲು ನೋವು ನನಗಿಲ್ಲ ಎನ್ನುವುದು ನಿನಗೆ ಗೊತ್ತಲ್ಲ.

ನಿನ್ನೆ ಕಾರು ಮನೆಗೆ ಬಂತು. ಆದರೆ ಒಳಗೆ ಬಂದಿಲ್ಲ. ಕೊಟ್ಟಿಗೆ ಗುಡಿಸಿ ಸಾರಿಸಿದ್ದೇನೆ, ದನ ಕಟ್ಟುವ ಗೊಂತಿನ ಗೂಟ ಕಿತ್ತಿದ್ದೇನೆ, ಆದರೂ ಗಾಡಿ ಬೀದಿಯ ಬೇವಿನ ಮರದಡಿಯಲ್ಲೇ ನಿಂತಿದೆ. ನಮ್ಮ ಮನೆಗೆ ಯಾವ ದನ ಬಂದರೂ ನೀನು ಚೊಂಬಿನಲ್ಲಿ ನೀರು ತಂದು ಕಾಲು ತೊಳೆದು, ಅರಿಶಿನ ಕುಂಕುಮ ಇಟ್ಟಮೇಲೆ ತಾನೆ ಒಳಗೆ ಬರುತ್ತಿದ್ದದ್ದು? ಪಕ್ಕದ ಮನೆಯ ಕರಿಬಸಮ್ಮ ತಾನೇ ಮಾಡುತ್ತೇನೆ ಎಂದು ಬಂದಳು. ಬೇಡ ಎಂದೆ. ಭಾನುವೂ ಬೇಡ ಎಂದಳು. ಮೊದಲು ನಿನಗೆ ನಾನೇ ಹೇಳಬೇಕೆಂದು ತಡೆದದ್ದು ಇದಕ್ಕೇ. ಈ ಮನೆಗೆ ಬರುವುದು ಯಾವುದೇ ಆಗಲಿ, ಇನ್ನು ಮೇಲೆ ನಿನ್ನನ್ನು ಕೇಳದೆ ಬರುವುದಿಲ್ಲ, ಹೋಗುವುದಿಲ್ಲ.

ನಾಳೆ ಭಾನು ಇದೇ ಕಾರಿನಲ್ಲಿ ಡ್ಯೂಟಿಗೆ ಬರುತ್ತಾಳೆ. ಕಾಗದ ಅವಳ ಕೈಯಲ್ಲೇ ಕಳಿಸುತ್ತೇನೆ. ಓದಿಯಾದ ಮೇಲೆ ಹೊರಗೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡು. ನಾನು ಬರೆದದ್ದು ಸುಳ್ಳೋ ನಿಜವೋ ನಿನಗೇ ತಿಳಿಯುತ್ತದೆ.

ನಿನ್ನನ್ನು ಕೇಳದೆ ಕೆಟ್ಟವನು,
ಚಿಕ್ಕಮಲ್ಲಪ್ಪ

ಮರೆತಿದ್ದು: ಸೋಮವಾರ, ಗುಂಡ್ಲುಪೇಟೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿನ್ನ ತಮ್ಮ ಗುರುಪಾದಸ್ವಾಮಿಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಇಟ್ಟವನು ನಾನು. ತುಳಿದಿಲ್ಲ, ಅವನ ಬಾಗಿಲ ಮುಂದೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ಮುಂದಿನದು ಖಾಲಿ ಇದೆ. ಚೊಂಬು ತಂದರೆ ಮೊದಲು ಗಾಲಿಗಳಿಗೆ ನೀರು ಹಾಕು. ಮಿಕ್ಕಿದರೆ ನನ್ನ ಕಾಲಿಗೂ ಒಂದಿಷ್ಟು.