ಎರಡು ಕೊಡ ಸಿಹಿನೀರು

ತಿರುಪ್ಪೂರು
14-9-1986

ಹೆತ್ತ ತಾಯಿಗಿಂತ ಹೆಚ್ಚು ವರ್ಷ ನನಗೆ ಅನ್ನ ಇಕ್ಕಿದ ಅಕ್ಕನಿಗೆ, ತಮ್ಮ ತಿರುಮಲೈಸಾಮಿ ಕಾಲಿಗೆ ಬಿದ್ದು ಬರೆಯುವುದು.

ಇಲ್ಲಿ ನಾನು, ಹೆಂಡತಿ ರುಕ್ಕುಮಣಿ, ಮಗಳು ಪಾಪಾ ಸೌಖ್ಯ. ಅಲ್ಲಿ ನೀನು, ಚಂದ್ರಾ, ಅಳಿಯಂದಿರು, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಹನ್ನೊಂದು ತಿಂಗಳಿಂದ ಒಂದು ಸಾಲು ಬರೆದಿಲ್ಲ. ಕಂಪನಿಯಲ್ಲಿ ಕೆಲಸ ಜಾಸ್ತಿ ಎಂದರೆ ನೀನು ನಂಬುವವಳಲ್ಲ. ಗಿರಾಕಿಗೆ ದಿನಕ್ಕೆ ನಾಲ್ಕು ಕಾಗದ ಬರೆಯುವವನಿಗೆ ಅಕ್ಕನಿಗೊಂದು ಬರೆಯಲು ಕೈ ಬರಲಿಲ್ಲ, ಅಷ್ಟೆ. ತಮಿಳಿನಲ್ಲಿ ಬರೆದರೆ ಚಂದ್ರಾಳ ಗಂಡನನ್ನು ಕರೆದು ಓದಿಸಬೇಕಾಗುತ್ತದೆ. ಕೊಳ್ಳೇಗಾಲದ ರೇಷ್ಮೆ ಅಂಗಡಿಯಲ್ಲಿ ಚಾಕರಿ ಮಾಡಿದ ನಾಲ್ಕು ವರ್ಷದಲ್ಲಿ ಕಲಿತ ಕನ್ನಡ ಅಕ್ಷರ ಹೀಗೆ ಉಪಯೋಗಕ್ಕೆ ಬಂತು. ಚಂದ್ರಾ, ನೀನೇ ನಿನ್ನ ಅಮ್ಮನಿಗೆ ಓದಿ ಹೇಳಮ್ಮ. ನಡುವೆ ಎಲ್ಲೂ ನಿಲ್ಲಿಸಬೇಡ.

ಮೊದಲು ಲೆಕ್ಕ. ದುಡ್ಡನ್ನು ಬಿಟ್ಟುಬಿಡು, ಅದು ಬರುತ್ತದೆ, ಹೋಗುತ್ತದೆ. ಪಾಪಾಳ ಉಪ್ಪಿಲ್ಲದ ಊಟಕ್ಕೆ ಈ ಮನೆ ತೆತ್ತದ್ದು ಇಷ್ಟು: ಕೋಯಮತ್ತೂರಿನ ಡಾಕ್ಟರ ಹತ್ತಿರಕ್ಕೆ ಇಪ್ಪತ್ತಾರು ಸಲ ಹೋಗಿಬಂದದ್ದು. ಪಾಪಾಳ ಒಂದನೇ ಕ್ಲಾಸು. ನೀನು ಹಾಕಿಟ್ಟಿದ್ದ ಆರು ಜಾಡಿ ಉಪ್ಪಿನಕಾಯಿ, ಎದುರುಮನೆಯ ಪಳನಿಯಮ್ಮನ ಪಾಲು. ಒಂದು ದೀಪಾವಳಿ, ಒಂದು ಪೊಂಗಲ್. ಕೊನೆಗೆ ನೀನು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ನನಗೆ ಒಂದರ ಕೆಳಗೆ ಒಂದು ಬರೆದುಕೊಂಡರೆ ಮಾತ್ರ ತಪ್ಪು ಎಲ್ಲಿದೆ ಎಂದು ಕಾಣುತ್ತದೆ.

ಹೋದ ವರ್ಷ ಮಾಸಿ ತಿಂಗಳಲ್ಲಿ ಪಾಪಾ ಬೆಳಗ್ಗೆ ಎದ್ದಾಗ ಕಣ್ಣು ತೆರೆಯಲಾಗದಷ್ಟು ಮುಖ ಊದಿತ್ತು. ಚೇಳು ಗೀಳು ಕಚ್ಚಿರಬೇಕು ಎಂದು ರುಕ್ಕುಮಣಿ ಮಂತ್ರ ಹಾಕಿಸಿಕೊಂಡು ಬಂದಳು. ಮೂರನೇ ದಿನ ಕಾಲೂ ಊದಿತು. ಕಿಡ್ನಿ ಸೋರುತ್ತಿದೆ ಎಂದರು ಡಾಕ್ಟರು. ಮಾತ್ರೆ ಕೊಟ್ಟು, ಇದು ನಿಧಾನಕ್ಕೆ ವಾಸಿಯಾಗುವ ಕಾಯಿಲೆ, ಉಪ್ಪು ಮಾತ್ರ ಒಂದು ಕಲ್ಲೂ ಕೂಡದು, ದಿನಾ ತೂಕ ನೋಡಿ ಬರೆದಿಡಿ, ತೂಕ ಏರಿತು ಅಂದರೆ ಮೈಯಲ್ಲಿ ನೀರು ಕಟ್ಟಿತು ಅಂತ ಲೆಕ್ಕ ಎಂದರು. ಬರೆದಿಡುವ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಬಟ್ಟೆ ಗಂಟು ತೂಗುವ ತಕ್ಕಡಿಯ ಮೇಲೆ ದಿನಾ ಬೆಳಗ್ಗೆ ಆರು ವರ್ಷದ ಮಗಳನ್ನು ನಿಲ್ಲಿಸಿ ಬರೆದೆ.

ಅಡುಗೆಯನ್ನು ನೀನು ಹೊತ್ತೆ. ಉಪ್ಪಿನ ಡಬ್ಬಿ ತೊಳೆದು, ಬಿಸಿಲಿಗೆ ಒಣಗಿಸಿ, ಅದರಲ್ಲಿ ಸಾಸಿವೆ ತುಂಬಿದೆ. ಪಾಪಾಳಿಗೆ ಮಾತ್ರ ಬೇರೆ ಮಾಡಿದರೆ ಸಾಕಲ್ಲ ಎಂದು ರುಕ್ಕುಮಣಿ ಕೇಳಿದ್ದಕ್ಕೆ ನೀನು, "ನಮ್ ತಟ್ಟೆಲಿ ಒಂದು, ಕೂಸಿನ ತಟ್ಟೆಲಿ ಒಂದು ಇದ್ರೆ ಅದು ಉಣ್ಣಲ್ಲಮ್ಮ. ಎಲ್ಲಾರ್ಗೂ ಒಂದೇ ಚಟ್ಟಿ," ಎಂದೆ. ಹುರಿದ ಜೀರಿಗೆ, ಸುಟ್ಟ ಈರುಳ್ಳಿ, ನಿಂಬೆಹಣ್ಣು, ಬೆಳ್ಳುಳ್ಳಿ ಹಾಕಿ ಅದೇನು ಮಾಡುತ್ತಿದ್ದೆಯೋ, ಹುರುಳಿ ಬೇಳೆಗೆ ಉಪ್ಪಿಲ್ಲವೆಂದು ಮೂರನೇ ತುತ್ತಿಗೆ ಮರೆತುಹೋಗುತ್ತಿತ್ತು. ಆದರೆ ಬೋಂಡಾ ಮರೆಯಲಿಲ್ಲ. ನಾನು ಮನೆಯಲ್ಲಿ ತ್ಯಾಗಿಯ ಹಾಗೆ ಉಂಡು ಎದ್ದು, ಹತ್ತು ಗಂಟೆಗೆ ಕಂಪನಿ ಪಕ್ಕದ ಮೆಸ್ಸಿನಲ್ಲಿ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದೆ. ರುಕ್ಕುಮಣಿ ತವರುಮನೆಗೆ ಹೋದಾಗ ಎರಡು ದಿನಕ್ಕೆ ಆಗುವಷ್ಟು ತಿಂದು ಬರುತ್ತಿದ್ದಳು. ಪೂರಾ ಉಪ್ಪು ಬಿಟ್ಟದ್ದು ನೀನು ಮತ್ತು ಪಾಪಾ, ಇಬ್ಬರೇ.

ಇಷ್ಟಾದರೂ ಊತ ಇಳಿಯಲಿಲ್ಲ. ಎರಡು ದಿನ ತೂಕ ಇಳಿಯುವುದು, ಮೂರನೇ ದಿನ ಏರುವುದು. ಡಾಕ್ಟರು ನನ್ನ ತೂಕದ ನೋಟ್ ಬುಕ್ಕು ನೋಡಿ, ಮನೆಯಲ್ಲಿ ಯಾರೋ ಕದ್ದು ಉಪ್ಪು ಕೊಡುತ್ತಿದ್ದಾರೆ, ಅಜ್ಜಿಯಂದಿರು ಹೀಗೆಯೇ ಎಂದರು. ಆ ಮಾತನ್ನು ನಾನು ಕೋಯಮತ್ತೂರಿನಿಂದ ತಿರುಪ್ಪೂರಿನವರೆಗೆ ಬಸ್ಸಿನಲ್ಲಿ ಹೊತ್ತು ತಂದೆ. ಇಳಿಯುವಷ್ಟರಲ್ಲಿ ಅದಕ್ಕೆ ನಿನ್ನ ಮುಖ ಬಂದಿತ್ತು.

ರುಕ್ಕುಮಣಿಯೂ ಸುಳ್ಳು ಹೇಳಲಿಲ್ಲ, ಕಂಡದ್ದನ್ನು ಹೇಳಿದಳು. "ಪಾಪಾಗೆ ಬಡಿಸೋ ಮುಂಚೆ ಅತ್ತಿಗೆ ಹಿತ್ಲು ಚಪ್ಪರಕ್ಕೆ ಹೋಗಿ ಏನೋ ಎತ್ಕೊಂಡು ಬರ್ತಾರೆ. ನಾ ಬಂದ್ರೆ ಮುಚ್ಚಿಡ್ತಾರೆ. ನೀವೇ ಕೇಳಿ." ನಾನು ಪಾಪಾಳನ್ನು ಕೇಳಿದೆ. "ಅತ್ತೆ ಉಪ್ಪು ಕೊಡ್ತಾಳಾ?" ಇಲ್ಲ ಎಂದಳು. ಗಿರಾಕಿಯ ಹತ್ತಿರ ಬೆಲೆ ಒಪ್ಪಿಸುವ ಹಾಗೆ, ಸುತ್ತಿ ಬಳಸಿ ಏಳು ಸಲ ಕೇಳಿದೆ. ಎಂಟನೇ ಸಲ ತಲೆ ಆಡಿಸಿದಳು.

ಆ ಭಾನುವಾರ ಬೆಳಗ್ಗೆ ಅಂಗಳದಲ್ಲಿ ಕೆಲಸದವರೂ ಇದ್ದರು, ಪಳನಿಯಮ್ಮನೂ ಬಾಗಿಲಲ್ಲಿ ನಿಂತಿದ್ದಳು. ತಟ್ಟೆಯಲ್ಲಿ ಕರ್ಪೂರ ಹಚ್ಚಿ ನಿನ್ನ ಮುಂದೆ ಇಟ್ಟೆ. ನಮ್ಮಲ್ಲಿ ವಾಡಿಕೆ ಅದೇ ತಾನೆ, ಉರಿಯುವ ಕರ್ಪೂರವನ್ನು ಕೈಯಿಂದ ಅಣೈಸಿ, ಅಂದರೆ ಆರಿಸಿ, ಸತ್ಯ ಮಾಡಿದರೆ ಮಾತು ಮುಗಿಯಿತು. "ಪಾಪಾಳ ಮೇಲೆ ಆಣೆ ಇಟ್ಟು ಅಣೈಸಕ್ಕಾ," ಎಂದೆ.

ನೀನು ಕೈ ಚಾಚಲಿಲ್ಲ. "ಕಾಯಿಲೆ ಕೂಸಿನ ಮೇಲೆ ನಾ ಆಣೆ ಇಡಲ್ಲ ತಂಬಿ. ನನ್ ಕಣ್ ಮೇಲೆ ಕೇಳು, ಇಡ್ತೀನಿ."

"ಕಣ್ಣು ಬೇಡ. ಪಾಪಾ."

"ನಾ ಕೊಟ್ಟಿದ್ದು ನೀರು ತಂಬಿ. ಉಪ್ಪಲ್ಲ."

ನೀರು ಎಂದರೆ ಏನೆಂದು ನನಗೆ ಅರ್ಥವಾಗಲಿಲ್ಲ. ತಪ್ಪಿಸಿಕೊಳ್ಳುವ ಮಾತು ಎಂದುಕೊಂಡೆ. ಕರ್ಪೂರ ತಾನಾಗಿ ಉರಿದು ಮುಗಿಯಿತು. ನೀನು ಒಳಗೆ ಹೋಗಿ ಎರಡು ಸೀರೆ ಮಡಚಿಕೊಂಡು ಬಂದು, "ಪಾಪಾಗೆ ನಾಳೆಗೆ ನಿಂಬೆಹಣ್ಣು ಇಲ್ಲ, ತರ್ಸು," ಎಂದು ಹೇಳಿ ಚಂದ್ರಾಳ ಮನೆಗೆಂದು ಸತ್ಯಮಂಗಲದ ಬಸ್ಸು ಹತ್ತಿದೆ.

ನೀನು ಹೋದ ಮೇಲೆ ಪಾಪಾ ಗುಣವಾಗಬೇಕಿತ್ತು. ಬದಲಿಗೆ ತೂಕ ಏರುತ್ತಲೇ ಹೋಯಿತು. ಮೊದಲು ಏರಿ ಇಳಿಯುತ್ತಿದ್ದದ್ದು ಈಗ ಇಳಿಯುವುದನ್ನೇ ಮರೆಯಿತು. ಹೊಟ್ಟೆ ಉಬ್ಬಿ ಮಗು ಮಲಗಲಾರದೆ ಗೋಡೆಗೆ ಒರಗಿ ಕೂರುತ್ತಿತ್ತು. ಇಪ್ಪತ್ತೆರಡನೇ ದಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಹೆಣ್ಣು ಡಾಕ್ಟರು, ಅಡುಗೆಗೆ ಏನು ಹಾಕುತ್ತೀರಿ ಎಂದು ಕೇಳಲಿಲ್ಲ. "ಎಂದ ತಣ್ಣಿಯಿಲೆ ಸಮೈಕ್ಕಿರೀಂಗ?" ಎಂದರು. ಯಾವ ನೀರಿನಲ್ಲಿ ಅಡುಗೆ ಮಾಡುತ್ತೀರಿ ಎಂದು ಯಾರೂ ಅದುವರೆಗೆ ಕೇಳಿರಲಿಲ್ಲ. ಮನೆಯ ಬೋರಿನ ನೀರು ಎಂದಳು ರುಕ್ಕುಮಣಿ. ಒಂದು ಬಾಟಲಿ ತರಿಸಿ ನೋಡಿ, ಈ ನೀರಿನಲ್ಲಿ ಅನ್ನ ಬೇಯಿಸಿ ಗಂಜಿ ಬಸಿದು ಕೊಡುವುದೂ ಒಂದೇ, ದಿನಾ ಉಪ್ಪು ಹಾಕಿ ಕೊಡುವುದೂ ಒಂದೇ ಎಂದು ಬೈದರು.

ಪಳನಿಯಮ್ಮ ಅಂದು ಸಂಜೆ ಆಸ್ಪತ್ರೆಗೆ ಬಂದು ಉಳಿದದ್ದನ್ನು ಹೇಳಿದಳು. ಬೀದಿ ಕೊಳಾಯಿಯಲ್ಲಿ ಮೂರು ದಿನಕ್ಕೊಮ್ಮೆ ಸಿಹಿನೀರು ಬಿಡುತ್ತಾರಲ್ಲ, ಅದರಲ್ಲಿ ಎರಡು ಕೊಡ ನಿನಗೆ ಎತ್ತಿಡುತ್ತಿದ್ದಳಂತೆ. ನೀನು ಅದನ್ನು ಹಿತ್ತಲ ಚಪ್ಪರದಲ್ಲಿ ಮಣ್ಣಿನ ಪಾನೆಯಲ್ಲಿ ಬಚ್ಚಿಟ್ಟು ಪಾಪಾಳ ಅನ್ನ ಮಾತ್ರ ಅದರಲ್ಲಿ ಬೇರೆ ಬೇಯಿಸಿ, ಅವಳಿಗೆ ಅದನ್ನೇ ಕುಡಿಸುತ್ತಿದ್ದೆಯಂತೆ. ಎರಡು ದಿನಕ್ಕೆ ನೀರು ಮುಗಿದರೆ ಮೂರನೇ ದಿನ ಮತ್ತೆ ಬೋರಿನದೇ. ನನ್ನ ನೋಟ್ ಬುಕ್ಕು ತೆಗೆದು ನೋಡಿದೆ. ಪಾಪಾಳ ತೂಕ ಇಳಿದ ದಿನಗಳೆಲ್ಲ ಕೊಳಾಯಿಯಲ್ಲಿ ನೀರು ಬಂದ ದಿನ ಮತ್ತು ಅದರ ಮರುದಿನ. ಎಂಟು ತಿಂಗಳ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಬಚ್ಚಿಟ್ಟದ್ದು ಏಕೆಂದು ನಾನು ಪಳನಿಯಮ್ಮನನ್ನು ಕೇಳಬೇಕಾಗಿರಲಿಲ್ಲ. "ಬನಿಯನ್ ಕಂಪನಿ ಮುದಲಾಳಿಯ ಅಕ್ಕ ಬೀದಿ ಕೊಳಾಯಿಯಲ್ಲಿ ಕೊಡ ಹಿಡಿದು ನಿಂತರೆ ನನ್ನ ಮುಖ ಏನಾಗಬೇಕು" ಎಂದು ನಿನ್ನ ಕೊಡ ಒದ್ದವನು ನಾನೇ. "ಈ ನೀರಲ್ಲಿ ಬೇಳೆ ಬೇಯಾದಿಲ್ಲ ತಂಬಿ" ಎಂದು ಎಷ್ಟು ಸಲ ಹೇಳಿದೆ ನೀನು. ಸೋಡಾ ಹಾಕಿ ಬೇಯಿಸು ಎಂದು ನಕ್ಕವನೂ ನಾನೇ.

ಪಾಪಾ ಈಗ ಚೆನ್ನಾಗಿದ್ದಾಳೆ. ಈ ಆವಣಿ ತಿಂಗಳಿಂದ ಚಿಟಿಕೆ ಉಪ್ಪು ಹಾಕಬಹುದು ಎಂದಿದ್ದಾರೆ. ಮೊದಲ ದಿನ ಉಪ್ಪು ಹಾಕಿದ ಅನ್ನ ಬಾಯಿಗಿಟ್ಟು ಉಗಿದಳು. "ಅತ್ತೆ ಮಾಡ್ದಂಗಿಲ್ಲ," ಎಂದಳು. ಮೆಲ್ಲಗೆ ಕೇಳಿದೆ, ಅಂದು ಏಕೆ ಹೌದು ಎಂದೆ ಪಾಪಾ ಎಂದು. "ಹೌದು ಅನ್ನೋವರ್ಗೂ ನೀವು ಬಿಡಲ್ಲ ಅಂತ ಗೊತ್ತಾಯ್ತಪ್ಪಾ," ಎಂದಳು. ವ್ಯಾಪಾರ ನನ್ನಿಂದಲೇ ಕಲಿಯುತ್ತಿದ್ದಾಳೆ.

ಬಾ ಎಂದು ಕರೆಯಲು ನನಗೆ ಬಾಯಿಲ್ಲ. ಆದರೂ ಬರೆಯುತ್ತೇನೆ, ಬಾ ಅಕ್ಕಾ. ಅಡುಗೆಮನೆಗೆ ಸಿಹಿನೀರಿನ ತೊಟ್ಟಿ ಕಟ್ಟಿಸಿದ್ದೇನೆ. ಅಳಿಯಂದಿರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ನಮ್ಮ ಚೌಡಮ್ಮ ತಾಯಿ ನಿನ್ನ ಕೈಕಾಲು ಗಟ್ಟಿಯಾಗಿ ಇಡಲಿ. ನನ್ನನ್ನು ಹರಸಬೇಡ, ಪಾಪಾಳನ್ನು ಹರಸು.

ನಿನ್ನ ತಮ್ಮ
ತಿರುಮಲೈಸಾಮಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಲಕೋಟೆ ಅಂಟಿಸಿ, ಮತ್ತೆ ಹರಿದು ಇದನ್ನು ಸೇರಿಸುತ್ತಿದ್ದೇನೆ.

ಕರ್ಪೂರದ ಮುಂದೆ ನೀನು "ನೀರು" ಎಂದಾಗ ನನಗೆ ಅರ್ಥವಾಯಿತು. ಆ ಕ್ಷಣವೇ ಅರ್ಥವಾಯಿತು. ಬೋರಿನ ನೀರು ಪರೀಕ್ಷೆ ಮಾಡಿಸಿದ ಕಾಗದ ಅದಕ್ಕೆ ಒಂದು ವರ್ಷ ಮುಂಚಿನಿಂದ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಈ ನೀರಿನಲ್ಲಿ ತೊಳೆದರೆ ಬನಿಯನ್ ಬಟ್ಟೆ ಬಿಳುಪಾಗುವುದಿಲ್ಲ, ಅಷ್ಟು ಉಪ್ಪು ಎಂದು ಅದರಲ್ಲಿ ಬರೆದಿತ್ತು. ಬಟ್ಟೆಗೆ ಅಂದಿನಿಂದಲೇ ಲಾರಿಯಲ್ಲಿ ಸಿಹಿನೀರು ತರಿಸಿದೆ. ಅಡುಗೆಮನೆಗೆ ಬೋರಿನ ಪೈಪು ಎಳೆಸಿದೆ. ಶೆಡ್ಡಿನ ತೊಟ್ಟಿಗೂ ನಿನ್ನ ಒಲೆಗೂ ಇಪ್ಪತ್ತು ಹೆಜ್ಜೆ. ನೀನು ಒಂದು ದಿನ ಅಲ್ಲಿಂದ ಒಂದು ಕೊಡ ಕೇಳಿದೆ. ಅದು ಆರ್ಡರಿನ ನೀರು, ಮುಟ್ಟಬೇಡ ಎಂದೆ. ನಿನಗೆ ನೆನಪಿರುತ್ತದೆ.

ಕೆಲಸದವರೆಲ್ಲ ನೋಡುತ್ತಿದ್ದರು. ನೀನು ಹೇಳಿದ್ದು ನಿಜ ಎಂದರೆ ಆ ತಟ್ಟೆಯ ಮುಂದೆ ನಾನು ನಿಲ್ಲಬೇಕಿತ್ತು. ಮರುದಿನವೇ ಲಾರಿ ನೀರನ್ನು ಒಲೆಗೆ ತಂದಿದ್ದರೂ ನೀನು ಗೆದ್ದಂತೆ ಆಗುತ್ತಿತ್ತು. ಡಾಕ್ಟರು ಬಾಯಿಬಿಟ್ಟು ಹೇಳುವವರೆಗೆ ಇಪ್ಪತ್ತೆರಡು ದಿನ ಕಾದೆ. ಪಾಪಾ ಗೋಡೆಗೆ ಒರಗಿ ಕೂತಿದ್ದನ್ನು ನೋಡಿಕೊಂಡು ಕಾದೆ. ನೀನು ಹೋದದ್ದರಿಂದಲೇ ಗುಣವಾಯಿತು ಎಂದು ನೆಂಟರೆಲ್ಲ ಇಂದಿಗೂ ಹೇಳುತ್ತಾರೆ. ನಾನು ಅಲ್ಲ ಎಂದಿಲ್ಲ.

ಚಂದ್ರಾ ಬರೆದಿದ್ದಳು, ನೀನು ಅಲ್ಲಿಯೂ ಉಪ್ಪು ಹಾಕಿಕೊಳ್ಳುತ್ತಿಲ್ಲವಂತೆ. ಪಾಪಾ ತಿನ್ನುತ್ತಾಳೆ ಎಂದು ಕೇಳುವವರೆಗೆ ತಿನ್ನುವುದಿಲ್ಲ ಎಂದೆಯಂತೆ. ಆ ಕಾಗದ ಬಂದು ಐದು ತಿಂಗಳಾಯಿತು.

ಕೂಡಿ ಹಾಕಿದ್ದೇನೆ, ನೋಡಿಕೋ. ಬಟ್ಟೆಗೆ ಸಿಕ್ಕಿದ್ದು ಬಿಳುಪು. ನನಗೆ ಎರಡು ದೊಡ್ಡ ಆರ್ಡರು, ಅಂಗಳದಲ್ಲಿ ಉಳಿದ ಮರ್ಯಾದೆ. ರುಕ್ಕುಮಣಿಗೆ ಅವಳದೇ ಅಡುಗೆಮನೆ. ಪಳನಿಯಮ್ಮನಿಗೆ ಆರು ಜಾಡಿ ಉಪ್ಪಿನಕಾಯಿ. ಪಾಪಾಳಿಗೆ ಚಿಟಿಕೆ ಉಪ್ಪು. ನಿನಗೆ ಎರಡು ಸೀರೆ, ಒಂದು ಬಸ್ ಟಿಕೆಟ್ಟು.