ನಗುತ್ತಾ ಕಚ್ಚಿದ ಮೇಣ

ಮಾರ್ಚ್ 3, ಬೆಳಗ್ಗೆ

ಹೀಟರ್ ಮತ್ತೆ ಕೈಕೊಟ್ಟಿದೆ. ಲೋಟದಲ್ಲಿ ನೆನೆಹಾಕಿದ್ದ ನನ್ನ ಹಲ್ಲಿನ ಸೆಟ್ಟು ಕೊರೆಯುವಷ್ಟು ತಣ್ಣಗೆ. ಬಾಯಿಗಿಟ್ಟ ಕೂಡಲೇ ಕಟಕಟ ಅಂದಿತು, ನಾನು ನಡುಗುವ ಮೊದಲೇ. ಸ್ವಾಮಿನಿಷ್ಠೆ!

ಹಾಸ್ಟೆಲಿನ ಕೋಣೆ, ಕಾಲು ಚಾಚಿದರೆ ಗೋಡೆ. ಬ್ರೆಡ್ಡು. ವ್ಯಾನು. ಹಲ್ಲಿನ ಕ್ಯಾಂಪಿಗೆ ಸೇವೆಗೆಂದು ಬಂದವನು ಸವೆಯುತ್ತಿದ್ದೇನೆ. ಇಲ್ಲಿನ ಭಾಷೆ ಒಂದಕ್ಷರ ಬಾರದು. ಮೊನ್ನೆ ಅಂಗಡಿಯಲ್ಲಿ ಉಪ್ಪು ಬೇಕು ಅಂತ ನಾಲಿಗೆ ಚಾಚಿ ತೋರಿಸಿದೆ, ಅಂಗಡಿಯವಳು ಗದರಿ ಓಡಿಸಿದಳು.

ಇಡೀ ಕ್ಯಾಂಪಿನಲ್ಲಿ ನನ್ನ ಕನ್ನಡ ತಿಳಿಯುವ ಜೀವ ಒಂದೇ — ತಂಗಿಯ ಮಗಳು. ಹಲ್ಲಿನ ಡಾಕ್ಟರು, ಇಲ್ಲಿಗೆ ಅವಳೇ ಮುಖ್ಯಸ್ಥೆ. ಕರೆತಂದವಳೂ ಅವಳೇ. "ಜನ್ಮವೆಲ್ಲ ಹಲ್ಲಿನ ಸೆಟ್ ಕಟ್ಟಿದ್ದೀರಿ ಮಾವ. ಮನೇಲಿ ಕೂತು ಅತ್ತೆ ತಲೆ ತಿನ್ನೋದಕ್ಕಿಂತ ಬನ್ನಿ, ನಾಲ್ಕು ಜನ ಅಗಿದು ತಿನ್ನಲಿ."

ಬಂದೆ. ಹಲ್ಲು ಕಿರಿಯುವವರಲ್ಲೆಲ್ಲ ನಾನೇ ಹಿರಿಯ.

ಮಾರ್ಚ್ 6

ಬಡ್ತಿ! ಊರಿನಲ್ಲಿದ್ದಷ್ಟು ದಿನ ಒಳಕೋಣೆಯಲ್ಲಿ ಸೆಟ್ ಕಟ್ಟುವ ಬೆಂಚೇ ನನ್ನ ಲೋಕ. ರೋಗಿಯ ಮುಖ ನೋಡಿದವನಲ್ಲ. ಇಲ್ಲಿ ಆ ಬೆಂಚಿಗೆ ಈ ಊರಿನವನೇ ಒಬ್ಬ ಇದ್ದಾನೆ. ಐವತ್ತರ ಆಸುಪಾಸು, ಮೌನಿ. ಸದಾ ಮೇಣ ಕಾಯಿಸುತ್ತಾನೆ, ಹಾಗಾಗಿ ಮೇಣಪ್ಪ ಅಂತ ನಾನಿಟ್ಟ ಹೆಸರು. ಡಾಕ್ಟರಿಗೆ ಕೈ ಸಾಲದು. "ಮಾವ, ಬೈಟ್ ನೀವು ತಗೊಳ್ಳಿ" ಅಂದಳು.

ಅಂದರೆ ಹಲ್ಲಿಲ್ಲದ ಬಾಯೊಳಗೆ ಮೇಣದ ಪಟ್ಟಿ ಇಟ್ಟು, ಸಹಜವಾಗಿ ಕಚ್ಚಿಸುವುದು. ಆ ಗುರುತನ್ನು ಮೇಣಪ್ಪ ದವಡೆಯಂತೆ ಆಡುವ ತನ್ನ ಕಬ್ಬಿಣದ ಸಾಧನಕ್ಕೆ ಏರಿಸಿ ಅದರಂತೆ ಹಲ್ಲು ಜೋಡಿಸುತ್ತಾನೆ.

ಜನ ಹೆದರಿಕೊಂಡೇ ಬರುತ್ತಾರೆ. ಮಾತಾಡಿಸೋಣ ಅಂದರೆ ಮಾತಿಲ್ಲ. ನನ್ನ ಸೆಟ್ಟನ್ನೇ ನಾಲಿಗೆಯಿಂದ ಹೊರಗೆ ತಳ್ಳಿ, ಸರಕ್ಕನೆ ಒಳಗೆಳೆದೆ. ಕಾಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಬ್ಬಾ, ಇಲ್ಲಿಗೆ ಬಂದಮೇಲೆ ಮೊದಲ ಸಲ ನನ್ನ ಮಾತು ಯಾರಿಗೋ ಅರ್ಥವಾಯಿತು.

ಮಾರ್ಚ್ 9

ಈವತ್ತು ಬೊಚ್ಚಜ್ಜಿ. (ಈ ಹೆಸರೂ ನನ್ನದೇ.) ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡೇ ಮಾತು. ಡಾಕ್ಟರು ತಿಳಿಸಿ ಹೇಳಿದಳು — "ಹಲ್ಲು ಹೋದಾಗಿಂದ ಮನೆಯವರ ಜೊತೆ ಊಟಕ್ಕೆ ಕೂತಿಲ್ವಂತೆ ಮಾವ. ಅಡುಗೆಮನೇಲಿ ಗೋಡೆ ಕಡೆ ತಿರುಗಿ ತಿಂತಾರಂತೆ. ಎಲ್ಲರ ಜೊತೆ ಕೂರಬೇಕು, ಅದೇ ಆಸೆ."

ಅಂಗೈ ತೆಗೆಯಲೇ ಒಲ್ಲಳು. ಸೆಟ್ಟಿನ ಆಟ ಆಡಿ ತೋರಿಸಿದೆ. ನಕ್ಕಳು ನೋಡಿ! ಹೆಗಲು ಕುಣಿಯುವ ಹಾಗೆ. ಕೈ ತಾನಾಗಿ ಕೆಳಗಿಳಿಯಿತು. ಅದೇ ಸಮಯ ನೋಡಿ ಮೇಣ ಕಚ್ಚಿಸಿಬಿಟ್ಟೆ. ಹೋಗುವಾಗ ನನ್ನ ಕೆನ್ನೆ ಹಿಂಡಿ ಹೋದಳು.

ಮಾರ್ಚ್ 17, ಮಧ್ಯಾಹ್ನ

ಬೊಚ್ಚಜ್ಜಿಗೆ ಸೆಟ್ ಕೊಟ್ಟೆವು. ಕನ್ನಡಿ ನೋಡಿ ಕಣ್ಣು ತುಂಬಿಕೊಂಡಳು. ಡಾಕ್ಟರು ಬಿಸ್ಕತ್ತು ಕೊಟ್ಟಳು. ಅಜ್ಜಿ ಕಚ್ಚಿದಳು, ಅಗಿದಳು, ಅಗಿದಳು... ಬಿಸ್ಕತ್ತು ಇಡಿಯಾಗಿ ಹೊರಗೆ ಬಂತು. ಮುಂದಿನ ಹಲ್ಲು ತಾಗುತ್ತವೆ, ಹಿಂದೆ ಬೆರಳು ತೂರುವಷ್ಟು ಸಂದು.

ಅಂಗೈ ಮತ್ತೆ ಬಾಯಿಗೆ ಹೋಯಿತು.

ನನಗೆ ನೋಡಿದ ಕ್ಷಣವೇ ತಿಳಿಯಿತು. ನಗುವವರ ಕೆಳದವಡೆ ಮುಂದಕ್ಕೆ ಜಾರುತ್ತದೆ. ಜಾರಿದ ಕಚ್ಚು ನಾನು ಹಿಡಿದದ್ದು. ಇಂಥ ಬೈಟ್ ಕಳಿಸಿದ ಡಾಕ್ಟರುಗಳಿಗೆ ಬೆಂಚಿನ ಮೇಲೆ ಕೂತು ಸಹಸ್ರನಾಮ ಮಾಡಿದವನು ನಾನೇ.

ಡಾಕ್ಟರು ಅಜ್ಜಿಯ ದವಡೆಯ ಅಚ್ಚು, ಆ ಮಾಡೆಲ್ ತಿರುಗಿಸಿ ನೋಡಿದಳು. "ಜೋಡಣೆ ಕೆಟ್ಟಿದೆ. ಇವನಿಗೆ ಏನಾಗಿದೆ ಮಾವ?"

ನಾನು — ಬರೆಯಲೂ ನಾಚಿಕೆ — "ಹಲ್ಲು ಜೋಡಿಸಪ್ಪ ಅಂದ್ರೆ ದನಕ್ಕೆ ಬೇಲಿ ಹಾಕಿದ್ದಾನೆ ನೋಡು" ಅಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಅದನ್ನೇ ಅವರ ಭಾಷೆಯಲ್ಲಿ ನರ್ಸಿಗೆ ಹೇಳಿದಳು. ನರ್ಸು ಡ್ರೈವರಿಗೆ. ಮೇಣಪ್ಪ ಬಾಗಿಲಲ್ಲೇ ನಿಂತಿದ್ದ.

ಮಾರ್ಚ್ 18

ಇನ್ನೂ ಮೂವರ ಸೆಟ್ಟು ಹಾಗೇ ಬಂದಿವೆ. ಮೂವರನ್ನೂ ನಗಿಸಿದ್ದೆ.

ಡಾಕ್ಟರು ಮೇಣಪ್ಪನನ್ನು ಬೆಂಚಿನಿಂದ ಎಬ್ಬಿಸಿ ಟ್ರೇ ತೊಳೆಯಲು ಹಾಕಿದ್ದಾಳೆ. ಕ್ಯಾಂಪು ಮುಗಿದ ಮೇಲೆ ಇಲ್ಲಿನ ಆಸ್ಪತ್ರೆಯವರು ಅವನನ್ನು ಕಾಯಂ ಮಾಡಿಕೊಳ್ಳುವವರಿದ್ದರಂತೆ. ಈಗ ಅನುಮಾನವಂತೆ.

ಬೆಂಚಿಗೆ ಯಾರು ಅನ್ನುವುದನ್ನು ಬರೆಯುವುದಿಲ್ಲ. ಸರಿ, ಬರೆಯುತ್ತೇನೆ. ನಾನು.

ಮಾರ್ಚ್ 24

ಪೆನ್ನು ಮುಟ್ಟಿರಲಿಲ್ಲ.

ಊರಿಂದ ಇವಳ ಫೋನು. "ಏನ್ರೀ, ಒಂದು ಕೀಟಲೆನೂ ಇಲ್ಲ, ಒಂದು ಕುಚೋದ್ಯನೂ ಇಲ್ಲ. ಹುಷಾರಾಗಿದ್ದೀರಾ?"

"ಹಲ್ಲು ಸ್ವಲ್ಪ ಸಡಿಲ ಕಣೆ."

"ನಿಮಗೆ ಸಡಿಲ ಆಗಿದ್ದು ಯಾವತ್ತೂ ನಾಲಿಗೆ. ಏನು ಮಾಡಿಕೊಂಡಿರಿ, ಬೊಗಳಿ."

ಸಿಗ್ನಲ್ ಇಲ್ಲ ಅಂದೆ. ಸಿಗ್ನಲ್ ಚೆನ್ನಾಗಿತ್ತು.

ಸಂಜೆ ಬೊಚ್ಚಜ್ಜಿ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ವಾಪಸ್ ತಂದಿದ್ದಳು. ಮೇಣಪ್ಪ ಟ್ರೇ ತೊಳೆಯುವ ತೊಟ್ಟಿಯ ಬಳಿಯಿಂದ ಎದ್ದು ಬಂದು, ಅವಳ ಮುಂದೆ ತಲೆ ತಗ್ಗಿಸಿ ಏನೋ ಹೇಳಿದ. ಭಾಷೆ ಬೇಕಾಗಲಿಲ್ಲ. ಕ್ಷಮೆ ಕೇಳುತ್ತಿದ್ದ. ತಾನೇ ಕೆಡಿಸಿದೆ ಅಂತ ನಂಬಿಬಿಟ್ಟಿದ್ದಾನೆ. ಅಜ್ಜಿ ಅವನ ಬೆನ್ನು ತಟ್ಟಿದಳು. ಆಮೇಲೆ ನನ್ನನ್ನು ಕಂಡು, ಅಂಗೈ ಹಿಂದೆಯೇ, ಕಿಸಕ್ಕನೆ ನಕ್ಕಳು.

ಆ ನಗು... ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

ಮಾರ್ಚ್ 25

ಚಹಾದ ಹೊತ್ತಿಗೆ ಡಾಕ್ಟರಿಗೆ ಹೇಳಿಬಿಟ್ಟೆ. "ಪುಟ್ಟಿ, ತಪ್ಪು ಜೋಡಣೇದಲ್ಲ. ಬೈಟ್‌ದು. ನಾನು ನಗಿಸ್ತಾ ಕಚ್ಚಿಸಿದೆ."

ಅವಳು ಕಪ್ಪು ಕೆಳಗಿಡಲೇ ಇಲ್ಲ. "ಮಾವ, ಸಾಕು."

"ನಿಜ ಕಣೇ."

"ನನ್ನ ಮದುವೆ ದಿನ ಗಂಡು ಓಡಿಹೋದ ಅಂತಾನೂ ಇದೇ ಮುಖ ಇಟ್ಕೊಂಡು ಹೇಳಿದ್ರಿ. ಅಮ್ಮ ಎಚ್ಚರ ತಪ್ಪಿ ಬಿದ್ದಳು. ಅವನ ಮೇಲೆ ಕನಿಕರ ಬಂದಿದೆ ನಿಮಗೆ, ಗೊತ್ತಾಗುತ್ತೆ. ಅದಕ್ಕೆ ಈ ನಾಟಕ ಬೇಡ."

"ಒಂದು ಸಲ ನಂಬು."

"ಯಾವ ಸಲ ಅಂತ ನೀವೇ ಹೇಳಿ ಮಾವ." ನಕ್ಕು ಎದ್ದು ಹೋದಳು.

ಬಾಯಿಬಿಟ್ಟರೆ ಬಣ್ಣಗೇಡು ಅಂತಾರೆ. ನಾನು ಬಾಯಿಬಿಟ್ಟೆ, ಬಣ್ಣ ಹಾಗೇ ಉಳಿಯಿತು. ಅವಳಲ್ಲಿ ತಪ್ಪೇನಿದೆ? ನನ್ನ ಮುಖಕ್ಕೆ ಸುಳ್ಳಿನ ಗುರುತು ಬಿದ್ದದ್ದು ನನ್ನಿಂದಲೇ.

ಮಾರ್ಚ್ 26, ಸಂಜೆ

ಡಾಕ್ಟರು ಮೀಟಿಂಗಿಗೆ ಹೋದ ಸಮಯ. ಮೇಣಪ್ಪನನ್ನು ಕೈ ಹಿಡಿದು ಬೆಂಚಿಗೆ ಎಳೆತಂದೆ. ಅವನು ಬರಲೊಲ್ಲ. ಕೂರಿಸಿದೆ.

ನನ್ನ ಸೆಟ್ಟು ತೆಗೆದು ಪಕ್ಕಕ್ಕಿಟ್ಟೆ. ಅವನೆದುರು ಬೋಳುಬಾಯಿ. ನಾನೇ ಕಾಯಿಸಿದ ಮೇಣದ ಪಟ್ಟಿ ಬಾಯಿಗಿಟ್ಟು, ಸುಮ್ಮನೆ, ಗಂಭೀರವಾಗಿ ಕಚ್ಚಿದೆ. ತೆಗೆದಿಟ್ಟೆ. ಇನ್ನೊಂದು ಪಟ್ಟಿ. ಈಗ ನಗಬೇಕು. ಬರಲಿಲ್ಲ. ಜೀವಮಾನವೆಲ್ಲ ಕರೆಯದೆಯೂ ಬರುತ್ತಿದ್ದ ನಗು, ಹಾಳಾದ್ದು, ಬೇಕಾದಾಗ ಕಾಣೆ. ಹೆಗಲು ಕುಣಿಸಿ, ಕೆನ್ನೆ ಎಳೆದು, ಹೇಗೋ ನಕ್ಕು ಕಚ್ಚಿದೆ.

ಎರಡನ್ನೂ ಅವನ ಮುಂದಿಟ್ಟೆ. ಅಜ್ಜಿಯ ಮಾಡೆಲ್ ತಂದು ಎರಡನೆಯದರ ಪಕ್ಕ ಇಟ್ಟೆ. ನನ್ನ ಎದೆಗೆ ಬೆರಳು ತೋರಿಸಿಕೊಂಡೆ.

ನೋಡಿದ. ಎತ್ತಿಕೊಂಡ, ಬೆಳಕಿಗೆ ಹಿಡಿದ. ಕೆಳಗಿಟ್ಟ. ನನ್ನನ್ನು ನೋಡಿದ. ಬೈಯಲಿ ಅಂತ ಕಾದೆ. ಬೈಗುಳ ಯಾವ ಭಾಷೆಯದ್ದಾದರೂ ಅರ್ಥವಾಗುತ್ತದೆ.

ಅವನು ಎರಡು ಮೇಣವನ್ನೂ ಅಂಗೈಯಲ್ಲಿ ಹಿಡಿದು ಡಾಕ್ಟರ ಕೋಣೆಗೆ ನಡೆದು, ಅವಳು ಬರುವವರೆಗೂ ಅಲ್ಲೇ ನಿಂತ.

ಮೇಣ ನೋಡಿ ಅವಳು ಹೊರಗೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ. "ನಾನು ಅವನನ್ನ ಎಲ್ಲರೆದುರು ನಗೆಪಾಟಲು ಮಾಡಿದೆನಲ್ಲ ಮಾವ" ಅಂದಳು. ಅಷ್ಟೇ. ನನ್ನನ್ನೂ ನಾಲ್ಕು ಮಾತು ಅಂದಿದ್ದರೆ...

ಮಾರ್ಚ್ 27, ಹನ್ನೊಂದು ಗಂಟೆ

ತೊಟ್ಟಿಯ ಪಕ್ಕ ನಿಂತೇ ಬರೆಯುತ್ತಿದ್ದೇನೆ.

ಬೆಳಗ್ಗೆ ಡಾಕ್ಟರು ನರ್ಸು, ಡ್ರೈವರು, ಎಲ್ಲರನ್ನೂ ಕರೆದು ನಡೆದದ್ದು ಹೇಳಿದಳು. ಆಸ್ಪತ್ರೆಯವರಿಗೂ ಹೇಳುತ್ತಾಳಂತೆ. ನನ್ನ ಕಡೆ ಯಾರೂ ನೋಡಲಿಲ್ಲ. ಮೇಣಪ್ಪ ತನ್ನ ಒದ್ದೆ ಏಪ್ರನ್ನು ಬಿಚ್ಚಿದ. ನನ್ನ ಕೊರಳಿಗೆ ಹಾಕಿ, ಹಿಂದೆ ಹೋಗಿ ಗಂಟು ಕಟ್ಟಿದ. ಬಿಗಿಯಾಗಿ. ನನ್ನ ಕೈಗೆ ಎಟುಕದ ಕಡೆ. ಬೆಂಚಿಗೆ ಹೋಗಿ ಕೂತ.

ಬೊಚ್ಚಜ್ಜಿ ಬಂದಿದ್ದಾಳೆ. ಹೊಸದಾಗಿ ಬೈಟ್ ತೆಗೆಯುವುದು. "ಮಾವ, ನೀವು ಅವರ ಕಣ್ಣಿಗೆ ಬೀಳಬೇಡಿ, ದಮ್ಮಯ್ಯ" ಅಂತ ಹೇಳಿ ಬಾಗಿಲು ಹಾಕಿಕೊಂಡಳು.

ನಲ್ಲಿ ನಿಲ್ಲಿಸಿದೆ. ಟ್ರೇ ಸದ್ದಾಗದ ಹಾಗೆ ಇಟ್ಟೆ. ಒಳಗೆ ಕುರ್ಚಿ ಕಿರುಗುಟ್ಟಿತು. ಡಾಕ್ಟರು ಮೆಲ್ಲಗೆ ಏನೋ ಅಂದಳು. ಈಗ ಮೇಣ ಬಾಯಲ್ಲಿರಬೇಕು.

ನಗಬೇಡ ತಾಯಿ. ನಗಬೇಡ...

ನಗು ಇಲ್ಲ. ಇನ್ನೂ ಇಲ್ಲ. ಬಾಗಿಲು ತೆಗೆದ ಸದ್ದು, ಅಜ್ಜಿಯ ಕಣ್ಣಿಗೆ ಬೀಳದ ಹಾಗೆ ನಾನು ಬಚ್ಚಲ ಕಡೆ —