ದಿಣ್ಣೆಯ ಮೇಲೆ ಆರಿದ ನಕ್ಷತ್ರಗಳು

ಹೊಂಗಡಹಳ್ಳ, ಡಿಸೆಂಬರ್ 2001

ತಮ್ಮನಿಗೆ ಅಣ್ಣನ ಆಶೀರ್ವಾದ. ನಿನ್ನ ಮಗಳು ಟೀಚರಾಗಿರುವ ಊರಿಗೆ ಮೊನ್ನೆ ಬಂದು ಸೇರಿದೆ. ನಿನ್ನೆ ಕತ್ತಲಾದ ಮೇಲೆ ಶ್ವೇತಾಳಿಗೂ ಅವಳು ಬಾಡಿಗೆಗಿರುವ ಮನೆಯ ಒಡತಿ ದೇವೀರಮ್ಮನಿಗೂ ಗದ್ದೆಯಲ್ಲಿ ನಿಂತು ದುರ್ಬೀನು ಕೊಟ್ಟೆ. ಎದುರಿನ ದಿಣ್ಣೆಯ ಮೇಲೆ ಮೂರು ನಕ್ಷತ್ರಗಳ ಸಾಲು, ಪಕ್ಕದಲ್ಲಿ ಮಸುಕು ಬೆಳಕಿನ ಮಚ್ಚೆ. ಅದು ಅನಿಲದ ಮೋಡ, ಅದರಲ್ಲಿ ಹುಟ್ಟಿದ ಎಳೆಯ ನಕ್ಷತ್ರಗಳು ತಮ್ಮ ಬೆಳಕಿನಿಂದ, ಬಿರುಗಾಳಿಯಿಂದ ಆ ಮೋಡವನ್ನೇ ಆಚೆ ತಳ್ಳುತ್ತಿವೆ ಎಂದೆ.

"ಹೆತ್ತೋಳ್ನೇ ಆಚೆಗೆ ಅಟ್ದಂಗಾಯ್ತಲ್ಲ ಮಾರಾಯ್ರೇ!" ಎಂದು ದೇವೀರಮ್ಮ ನಕ್ಕರು.

ಅಷ್ಟರಲ್ಲಿ ಮಚ್ಚೆ ಮಾಯವಾಯಿತು. ಮೂರು ನಕ್ಷತ್ರಗಳೂ ಒಂದೊಂದಾಗಿ ಆರಿದವು. ಬೆಳಕನ್ನು ತಡೆಯುವ ಕಪ್ಪು ಮೋಡಗಳೂ ಇವೆ ಎಂದು ನಾನು ಶುರುಮಾಡಿದೆ. ಶ್ವೇತಾ ನನ್ನ ಕೈ ಬಿಗಿಯಾಗಿ ಹಿಡಿದಳು. "ದೊಡ್ಡಪ್ಪ, ಮಾತಾಡ್ಬೇಡಿ. ಆನೆ."

ಒಂದು ಸದ್ದೂ ಇಲ್ಲ. ಅದು ಸರಿದಂತೆ ನಕ್ಷತ್ರಗಳು ಮರಳಿ ಬಂದವು.

ಹೇಮಾವತಿ ಅಣೆಕಟ್ಟಿನ ಹಿನ್ನೀರು ಈ ಆನೆಗಳ ಕಾಡು ನುಂಗಿದಾಗ ಪತ್ರಿಕೆಗೆ ಬರೆದವನು ನಾನು, ಯಾರೂ ಕೇಳಲಿಲ್ಲ. ಈಗ ಪಟಾಕಿ ಹಚ್ಚಿ ಆನೆ ಅಟ್ಟುತ್ತಾರಂತೆ. ಎಲ್ಲಿಗೆ ಅಂತ ಅಟ್ಟುವುದು!

ಶ್ವೇತಾ ಶಾಲೆಯಿಂದ ದಿನಾ ಸಂಜೆ ಒಬ್ಬಳೇ ಬರುವುದು ಅದೇ ದಿಣ್ಣೆ ಹಾದು. ನೀನು ಹೇಳಿದಂತೆ ಕೆಲಸ ಬಿಡು ಎಂದೆ, ಒಪ್ಪಲಿಲ್ಲ. ಹಾಗಾಗಿ ನಾನು ಇಲ್ಲೇ ಉಳಿದು ಅವಳನ್ನು ಕರೆತರಲು ಹೋಗುತ್ತೇನೆ. ಕೆಮ್ಮಿನ ಔಷಧಿ, ಉಣ್ಣೆ ಟೋಪಿ ಕಳಿಸು. ಈ ಕಾಗದ ಒಯ್ಯುವ ಬಸ್ಸು ಬಂತು.

ನಿನ್ನ ಅಣ್ಣ

ತಾ.ಕ.: ಇಂದು ಬೆಳಿಗ್ಗೆ ಆನೆಯ ಹೆಜ್ಜೆ ನೋಡಿದೆವು. ದಿಣ್ಣೆಯ ಮೇಲಿದ್ದದ್ದು ಒಂದು ಆನೆ. ಇನ್ನೊಂದು ಗದ್ದೆಯಲ್ಲಿ, ನಾವು ನಿಂತಿದ್ದಾಗ ನಮ್ಮ ಬೆನ್ನ ಹಿಂದೆಯೇ ಬಂದು ನಿಂತು ಹೋಗಿತ್ತು.